ಟೆಂಪರ್: ಕುಲುಮೆಯಲ್ಲಿ ಒಂದು, ಮಡಕೆಯಲ್ಲಿ ಇನ್ನೊಂದು

ಚಿತ್ರದುರ್ಗದ ಸುತ್ತಲಿನ ಕಲ್ಲುಕುಟಿಗರಿಗೆ ಚಾಣ ಮಾಡಿಕೊಡುವುದು ನನ್ನ ಕುಲುಮೆಯ ಮುಖ್ಯ ಕೆಲಸ. ನಮ್ಮಲ್ಲಿ ಟೆಂಪರ್ ಎಂದರೆ ಉಕ್ಕಿನ ಗಡಸನ್ನು ಬೇಕೆಂದೇ ಒಂದಿಷ್ಟು ಇಳಿಸುವುದು. ಗಿರಾಕಿಗಳು ಮಾತ್ರ ಟೆಂಪರ್ ಹಾಕಿದರೆ ಗಟ್ಟಿಯಾಗುತ್ತದೆ ಎಂದೇ ನಂಬಿದ್ದಾರೆ.

ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕತ್ತರಿಸಿ ಬಡಿಯುತ್ತೇನೆ. ಅದರಲ್ಲಿ ಸುಮಾರು ಶೇ. 0.6ರಷ್ಟು ಇಂಗಾಲವಿರುತ್ತದೆ, ಮನೆ ಕಟ್ಟುವ ಸರಳಿನಲ್ಲಿ ಅಷ್ಟಿಲ್ಲ, ಅದು ಚಾಣಕ್ಕೆ ಬಾರದು. ತುದಿ ಕೆಂಪಗೆ ಕಾದಾಗ ಅಯಸ್ಕಾಂತ ಮುಟ್ಟಿಸುತ್ತೇನೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕಿಗೆ ಅದು ಅಂಟುವುದಿಲ್ಲ. ಇನ್ನೊಂದಿಷ್ಟು ಕಾಯಿಸಿ ತುದಿಯನ್ನಷ್ಟೇ ಎಣ್ಣೆಗೆ ಅದ್ದುತ್ತೇನೆ. ಈಗ ಅದರ ಮೇಲೆ ಅರ ಜಾರುತ್ತದೆ. ಆದರೆ ಸುತ್ತಿಗೆಯ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಕೂಡಲೇ ತುದಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ ಕಣ್ಣಿಟ್ಟು ಕಾಯುತ್ತೇನೆ. ಹಿಂಭಾಗದಲ್ಲಿ ಉಳಿದ ಕಾವು ಮುಂದಕ್ಕೆ ಹರಿಯುತ್ತ ತಿಳಿಹಳದಿ, ಕಂದು, ನೇರಳೆ, ನೀಲಿ ಬಣ್ಣಗಳನ್ನು ಎಬ್ಬಿಸುತ್ತದೆ. ತಿಳಿಹಳದಿ ಸುಮಾರು 220 ಡಿಗ್ರಿ, ನೀಲಿ 300ರ ಹತ್ತಿರ. ಬಾಯಿಗೆ ನೇರಳೆ ತಲುಪಿತೋ, ಪೂರ್ತಿ ಅದ್ದಿಬಿಡುತ್ತೇನೆ. ಬಿಸಿಲಿನಲ್ಲಿ ಈ ಬಣ್ಣಗಳು ಮೋಸ ಮಾಡುತ್ತವೆ. ಕುಲುಮೆ ಕತ್ತಲೆ ಎಂದು ಗೊಣಗುವವರು ಹೊರಗೆ ನಿಲ್ಲಲಿ.

ಅಲ್ಯೂಮಿನಿಯಂ ಮಾರುವವರಿಗೆ ಟೆಂಪರ್ ಒಂದು ಗುರುತು. ಎಚ್14 ಎಂದರೆ ತಣ್ಣಗಿರುವಾಗಲೇ ಉರುಳೆಯಲ್ಲಿ ಒತ್ತಿ ಅರೆಗಡಸು ಮಾಡಿದ ತಗಡು. ಟಿ6 ಎಂದರೆ ಕಾಯಿಸಿ, ತಣಿಸಿ, ಮತ್ತೆ ಮಂದ ಕಾವಿನಲ್ಲಿಟ್ಟದ್ದು. ನನ್ನ ಉಕ್ಕಿನ ಗಡಸನ್ನು ಇಳಿಸುವ ಎರಡನೆಯ ಕಾವು ಅಲ್ಲಿ ಗಡಸನ್ನು ಏರಿಸುತ್ತದೆ!

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾಗೋರಿಗಳಲ್ಲಿ ಮಡಕೆಗಳ ಜೊತೆ ಕಬ್ಬಿಣದ ಸಾಮಾನುಗಳೂ ಸಿಕ್ಕಿದ್ದವು. ಅಂಥ ಕಬ್ಬಿಣವನ್ನು ಹೇಗೆ ಬಡಿದಿರಬಹುದು ಎಂದು ಕೇಳಲು ಸಂಶೋಧಕಿಯೊಬ್ಬರು ಬಂದರು. ಅವರ ಬಾಯಲ್ಲಿ ಟೆಂಪರ್ ಎಂದರೆ ಜೇಡಿಮಣ್ಣಿಗೆ ಬೆರೆಸುವ ಮರಳು, ಹೊಟ್ಟು, ಕುಟ್ಟಿದ ಕಲ್ಲು. ಒಣಗುವಾಗ ಮಣ್ಣು ಸೀಳದಂತೆ, ಸುಡುವಾಗ ಆವಿಗೆ ದಾರಿ ಸಿಗುವಂತೆ ನೋಡಿಕೊಳ್ಳುವುದು ಅದೇ. ಮಡಕೆ ಚೂರಿನ ಒಡೆದ ಅಂಚನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಚೂಪು ಹರಳು ಕಂಡರೆ ಕುಟ್ಟಿ ಹಾಕಿದ ಕಲ್ಲಿರಬಹುದು, ಸಣ್ಣ ಪೊಳ್ಳು ಕಂಡರೆ ಸುಟ್ಟುಹೋದ ಹೊಟ್ಟು ಇರಬಹುದು.

ಕುಲುಮೆಯ ಒಳಮೈಗೆ ಮೆತ್ತುವ ಮಣ್ಣಿಗೆ ನಾನೂ ಮರಳು, ಭತ್ತದ ಹೊಟ್ಟು ಸೇರಿಸುತ್ತೇನೆ. ಬರಿ ಜೇಡಿ ಮೆತ್ತಿದರೆ ಮೊದಲ ಬೆಂಕಿಗೇ ಬಿರುಕು ಬಿಡುತ್ತದೆ. ಸಂಶೋಧಕಿ ಪುಸ್ತಕ ತೆಗೆದು ಬರೆದುಕೊಂಡದ್ದು ಚಾಣಕ್ಕಿಂತ ಇದನ್ನೇ ಹೆಚ್ಚು.