ವಯಸ್ಸಾಗಿತ್ತು ಎಂಬ ಉತ್ತರ ನನಗೆ ಸಾಕಾಗಲಿಲ್ಲ

2022ರ ಮೇ ತಿಂಗಳಲ್ಲಿ, ಆಳಂದ ತಾಲ್ಲೂಕಿನ ನಮ್ಮೂರ ಮನೆಯ ಬಚ್ಚಲಿನಲ್ಲಿ ಅವ್ವ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಅವಳಿಗೆ ಆಗ 71 ವರ್ಷ. ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಇದ್ದುದರಿಂದ ಸಂಜೆಯಿಂದಲೇ ಊಟ ಕೊಡಬೇಡಿ ಎಂದಿದ್ದರು. ಅವ್ವನಿಗೆ ಬಹುಕಾಲದ ಸಕ್ಕರೆ ಕಾಯಿಲೆ. ಹೊಟ್ಟೆಯಲ್ಲಿ ಒಂದು ಅಗುಳು ಇಲ್ಲದಿದ್ದರೂ ರಾತ್ರಿ ಒಂಬತ್ತಕ್ಕೆ ಸಕ್ಕರೆ ಇಳಿಸುವ ಇನ್ಸುಲಿನ್ ಅನ್ನು ಎಂದಿನಷ್ಟೇ ಚುಚ್ಚಿದರು.

ಮೂರು ಗಂಟೆಯ ಹೊತ್ತಿಗೆ ಅವಳ ಸೀರೆ ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು. ಎರಡು ಸಲ ನರ್ಸ್ ಬಳಿಗೆ ಓಡಿದೆ. ‘ಮೇ ತಿಂಗಳ ಸೆಕೆ, ಬೆವರು ಬರುವುದೇ’ ಎಂದರು. ವೈದ್ಯರು ಬಂದದ್ದು 5.40ಕ್ಕೆ. ಆಗ ರಕ್ತದ ಸಕ್ಕರೆ 31. ಎಪ್ಪತ್ತಕ್ಕಿಂತ ಕೆಳಗಿಳಿದರೇ ಕಡಿಮೆ ಎಂದು ಲೆಕ್ಕ. ಗ್ಲುಕೋಸ್ ಏರಿಸಿದರೂ ಅವ್ವನಿಗೆ ಮತ್ತೆ ಎಚ್ಚರ ಬರಲಿಲ್ಲ. ನಾಲ್ಕು ದಿನ ವೆಂಟಿಲೇಟರ್‌ನಲ್ಲಿದ್ದು ತೀರಿಕೊಂಡಳು. ಮರಣದ ಸಾರಾಂಶದಲ್ಲಿ ‘ಹೃದಯಸ್ತಂಭನ’ ಎಂದಷ್ಟೇ ಬರೆದಿತ್ತು.

ಮಣ್ಣಿಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ವಯಸ್ಸಾಗಿತ್ತು, ಬಿಡವ್ವ.’ ಆಸ್ಪತ್ರೆಯವರೂ ಅದನ್ನೇ ಹೇಳಿದ್ದರು. ಬಿದ್ದ ದಿನವೂ ಅವ್ವ ಹೊಲದ ತೊಗರಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದಳು. ವಯಸ್ಸು ಅವಳ ಮೂಳೆಯನ್ನು ದುರ್ಬಲಗೊಳಿಸಿರಬಹುದು. ಆದರೆ ಉಪವಾಸವಿದ್ದವಳಿಗೆ ಇನ್ಸುಲಿನ್ ಕೊಟ್ಟದ್ದು ವಯಸ್ಸಲ್ಲ.

ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಮರಣೋತ್ತರ ಪರೀಕ್ಷೆ ಮಾಡಿಸಲಿಲ್ಲ. ದೇಹವನ್ನು ಕೊಯ್ಯಿಸುವುದು ಬೇಡವೆಂದು ಕಾಕಾ ಅತ್ತರು, ನಾನೂ ಸುಮ್ಮನಾದೆ. ಸಂಶಯವಿದ್ದರೆ ದೇಹ ಆಸ್ಪತ್ರೆಯಲ್ಲಿರುವಾಗಲೇ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಬೇಕು, ಆಗ ಪಂಚನಾಮೆಯೂ ಮರಣೋತ್ತರ ಪರೀಕ್ಷೆಯೂ ನಡೆಯುತ್ತವೆ. ಹೂಳಿದ ಮೇಲೂ ಮ್ಯಾಜಿಸ್ಟ್ರೇಟರ ಆದೇಶದಿಂದ ದೇಹ ಹೊರತೆಗೆಸಲು ಕಾನೂನಿನಲ್ಲಿ ದಾರಿಯಿದೆ. ನಮ್ಮ ಹೊಲದಲ್ಲಿ ಅಪ್ಪನ ಪಕ್ಕಕ್ಕೆ ಮಲಗಿಸಿದವಳನ್ನು ಮತ್ತೆ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಆ ಕೊರತೆ ಮುಂದೆ ಪ್ರತಿ ವಿಚಾರಣೆಯಲ್ಲೂ ಎದುರಾಯಿತು.

ಮರಣೋತ್ತರ ವರದಿ ಇಲ್ಲದ ಮೇಲೆ ನಮಗೆ ಉಳಿದದ್ದು ಕಾಗದ ಮಾತ್ರ. ಏಳನೆಯ ದಿನ ಆಸ್ಪತ್ರೆಗೆ ಹೋಗಿ ಪೂರ್ತಿ ಕೇಸ್ ಶೀಟ್, ಅಂದರೆ ಅವ್ವನ ಚಿಕಿತ್ಸೆಯ ದಾಖಲೆ, ಕೇಳಿದೆ. ಬಾಯಿಮಾತಿನಲ್ಲಿ ಕೇಳಿದಾಗ ‘ಮುಂದಿನ ವಾರ ಬನ್ನಿ’ ಎಂದರು. ಅಲ್ಲಿಯೇ ಕುಳಿತು ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ ರೋಗಿಯ ಕಡೆಯವರು ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು, ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ಅರ್ಜಿಯಲ್ಲಿ ಆ ನಿಯಮವನ್ನು ಕಾಣಿಸಿದ್ದೆ. ಐದನೆಯ ದಿನ 64 ಪುಟಗಳು ಕೈಗೆ ಬಂದವು.

ಶಾಲೆ ಮುಗಿಸಿ ಬಂದು ಪ್ರತಿ ಸಂಜೆ ಆ ಪುಟಗಳನ್ನೇ ಓದುತ್ತಿದ್ದೆ. ನರ್ಸ್‌ಗಳ ಟಿಪ್ಪಣಿ, ಔಷಧ ಕೊಟ್ಟ ಪಟ್ಟಿ, ಸಕ್ಕರೆ ಪರೀಕ್ಷೆಯ ಪಟ್ಟಿ, ಬಿಲ್ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಗಂಟೆಗೊಂದು ಸಾಲಿನಂತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಸಕ್ಕರೆಯ ಪಟ್ಟಿಯಲ್ಲಿ ರಾತ್ರಿ ಎರಡು ಗಂಟೆಗೆ 142 ಎಂದಿತ್ತು. ಆ ಹೊತ್ತಿಗೆ ನಾನು ಎಚ್ಚರವಾಗಿಯೇ ಇದ್ದೆ. ಯಾರೂ ಬೆರಳು ಚುಚ್ಚಿರಲಿಲ್ಲ. ಆದರೆ ನನ್ನ ಮಾತಿಗೆ ಸಾಕ್ಷಿ ಯಾರು? ಸಾಕ್ಷಿ ಬಿಲ್ಲಿನಲ್ಲಿ ಸಿಕ್ಕಿತು. ಅವರು ಪ್ರತಿ ಸಕ್ಕರೆ ಪರೀಕ್ಷೆಗೂ ಬೇರೆಯಾಗಿ ಹಣ ಹಿಡಿದಿದ್ದರು. ಆ ರಾತ್ರಿ ಒಂಬತ್ತರಿಂದ 5.40ರವರೆಗೆ ಒಂದೇ ಒಂದು ಪರೀಕ್ಷೆಗೂ ಹಣ ಹಿಡಿದಿರಲಿಲ್ಲ. ಗಂಜ್‌ನಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುವ ಅಣ್ಣನೇ ಅದನ್ನು ಗುರುತಿಸಿದ. 3.10ಕ್ಕೆ ನಾನು ಅವನಿಗೆ ಕರೆ ಮಾಡಿದ್ದು, ‘ಅವ್ವ ಬೆವರುತ್ತಿದ್ದಾಳೆ, ಇವರು ಬರುತ್ತಿಲ್ಲ’ ಎಂದು ಸಂದೇಶ ಕಳಿಸಿದ್ದು ಮೊಬೈಲಿನಲ್ಲಿತ್ತು. ಅದರ ಮುದ್ರಿತ ಪ್ರತಿ ಸಾಕ್ಷ್ಯವಾಗಬೇಕಾದರೆ ಎಲೆಕ್ಟ್ರಾನಿಕ್ ದಾಖಲೆಗಳಿಗೆ ಲಗತ್ತಿಸುವ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬೇಕೆಂದು ವಕೀಲರೊಬ್ಬರು ತಿಳಿಸಿದರು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು ಕಲಂ 63. ಫೋನನ್ನು ಮಾರಬಾರದು, ಸಂದೇಶ ಅಳಿಸಬಾರದು.

ಅಣ್ಣನಿಗೆ ಪೊಲೀಸ್ ಪ್ರಕರಣವೇ ಬೇಕಿತ್ತು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ವೈದ್ಯರನ್ನು ಅಪರಾಧಿಯಾಗಿಸಲು ಸಾಮಾನ್ಯ ಲೋಪ ಸಾಲದು, ಘೋರ ನಿರ್ಲಕ್ಷ್ಯ ಬೇಕು. ಪೊಲೀಸರು ಕ್ರಮ ಕೈಗೊಳ್ಳುವ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು. ನಮ್ಮ ದೂರು ಸರ್ಕಾರಿ ವೈದ್ಯರ ಸಮಿತಿಗೆ ಹೋಯಿತು. ಘೋರ ನಿರ್ಲಕ್ಷ್ಯ ಕಾಣುವುದಿಲ್ಲ ಎಂಬ ವರದಿ ಬಂತು. ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೆ ಆಗ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 304ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 106 ಬಂದಿದೆ, ಅದರಲ್ಲಿ ನೋಂದಾಯಿತ ವೈದ್ಯರಿಗೆ ಗರಿಷ್ಠ ಎರಡು ವರ್ಷ ಶಿಕ್ಷೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ದೂರು ಕೊಟ್ಟೆವು. ಅದು ವೈದ್ಯರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಹುದು, ಪರಿಹಾರ ಕೊಡಿಸುವುದಿಲ್ಲ.

ನಾನು ಗಟ್ಟಿಯಾಗಿ ಹಿಡಿದದ್ದು ಗ್ರಾಹಕರ ಆಯೋಗದ ದಾರಿ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಈ ದಾರಿಯಿಲ್ಲ, ಸಿವಿಲ್ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಹೋಗಬೇಕು. ವಿಮೆಯವರು ಬಿಲ್ ಕಟ್ಟಿದ್ದರೂ ನೀವು ಗ್ರಾಹಕರೇ. ಗ್ರಾಹಕ ತೀರಿಕೊಂಡಿದ್ದರೆ ವಾರಸುದಾರರು ದೂರು ಕೊಡಬಹುದು. ಅದಕ್ಕಾಗಿ ನಾಡಕಚೇರಿಯಿಂದ ವಂಶವೃಕ್ಷ ಪ್ರಮಾಣಪತ್ರ ತಂದು, ಅಣ್ಣ, ತಂಗಿ, ನಾನು ಮೂವರೂ ದೂರುದಾರರಾದೆವು. ಕಾಲಮಿತಿ ಎರಡು ವರ್ಷ. ನಾವು ಒಂಬತ್ತನೆಯ ತಿಂಗಳಲ್ಲೇ ದಾಖಲಿಸಿದೆವು. ಯಾವ ಆಯೋಗ ಎಂಬುದನ್ನು ಕೇಳುವ ಪರಿಹಾರದಿಂದಲ್ಲ, ಕಟ್ಟಿದ ಹಣದಿಂದ ಲೆಕ್ಕ ಹಾಕುತ್ತಾರೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಐದು ಲಕ್ಷದವರೆಗೆ ಶುಲ್ಕವಿಲ್ಲ. ನಾವು ಕಟ್ಟಿದ್ದು 1,86,000 ರೂಪಾಯಿ. ವಕೀಲರಿಲ್ಲದೆ ಸ್ವತಃ ವಾದಿಸಬಹುದು. ಆದರೆ ವೈದ್ಯಕೀಯ ಪ್ರಕರಣದಲ್ಲಿ ಕರಡನ್ನಾದರೂ ಬಲ್ಲವರಿಗೆ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ.

ತಜ್ಞರ ಅಭಿಪ್ರಾಯಕ್ಕಾಗಿ ಅಲೆದದ್ದೇ ಹೆಚ್ಚು ಕಷ್ಟವಾಯಿತು. ಊರಿನ ವೈದ್ಯರು ಕಾಗದ ಓದಿ ತಲೆಯಾಡಿಸುತ್ತಿದ್ದರು, ಬರೆದು ಕೊಡುತ್ತಿರಲಿಲ್ಲ. ಕೊನೆಗೆ ಸೊಲ್ಲಾಪುರದ ನಿವೃತ್ತ ವೈದ್ಯರೊಬ್ಬರು ಎರಡು ಪುಟ ಬರೆದು ಸಹಿ ಮಾಡಿದರು. ಅವರ ವಾದ ಸರಳವಾಗಿತ್ತು: ಉಪವಾಸದಲ್ಲಿರುವವರಿಗೆ ಇನ್ಸುಲಿನ್ ಪ್ರಮಾಣ ಇಳಿಸಬೇಕು, ಆಗಾಗ ಸಕ್ಕರೆ ನೋಡುತ್ತಿರಬೇಕು, ಬೆವರು ಮತ್ತು ತೊದಲು ಕಂಡರೆ ಮೊದಲು ಬೆರಳು ಚುಚ್ಚಬೇಕು. ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದು 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ಎರಡು ಪುಟ ನಮ್ಮ ಬೆನ್ನಿಗೆ ನಿಂತವು.

ಎದುರುದಾರರು 45 ದಿನಗಳೊಳಗೆ ತಕರಾರು ಸಲ್ಲಿಸಲೇಬೇಕು, ಸಲ್ಲಿಸಿದರು. ನಾವು ಹನ್ನೊಂದು ಲಿಖಿತ ಪ್ರಶ್ನೆ ಕೊಟ್ಟೆವು. ಎರಡು ಗಂಟೆಯ 142ನ್ನು ನೋಡಿದವರು ಯಾರು, ಬಿಲ್ಲಿನಲ್ಲಿ ಅದು ಏಕೆ ಇಲ್ಲ ಎಂಬುದಕ್ಕೆ ‘ಕಣ್ತಪ್ಪು’ ಎಂದು ಉತ್ತರಿಸಿದರು. ಸಮಿತಿಯ ವರದಿಯನ್ನೂ ತೋರಿಸಿದರು. ಅಪರಾಧಕ್ಕೆ ಬೇಕಾದ ಅಳತೆ ಬೇರೆ, ಸೇವಾ ನ್ಯೂನತೆಯ, ಅಂದರೆ ಕೊಟ್ಟ ಸೇವೆಯಲ್ಲಿನ ಕೊರತೆಯ, ಅಳತೆ ಬೇರೆ ಎಂದು ಆಯೋಗ ಅದನ್ನು ಬದಿಗಿಟ್ಟಿತು. ನನ್ನನ್ನು ಹೆಚ್ಚು ಕಾಡಿದ್ದು ಅವರ ಕೊನೆಯ ವಾದ: ಮೃತಳಿಗೆ 71 ವರ್ಷ, ಆದಾಯವಿಲ್ಲ, ಆದ್ದರಿಂದ ಮಕ್ಕಳಿಗೆ ನಷ್ಟವಿಲ್ಲ. ಅದಕ್ಕೆ ಉತ್ತರವಾಗಿ 2001ರ ಲತಾ ವಾಧ್ವಾ ತೀರ್ಪನ್ನು ಹುಡುಕಿ ತಂದೆವು. 1989ರಲ್ಲಿ ಜಮ್ಶೆಡ್‌ಪುರದಲ್ಲಿ ಬೆಂಕಿಗೆ ಸಿಕ್ಕು ಸತ್ತವರ ಪ್ರಕರಣ ಅದು. ಮನೆಯಲ್ಲಿ ದುಡಿಯುವ ಹೆಂಗಸರ ಸೇವೆಗೆ ಅಲ್ಲಿ ಬೆಲೆ ಕಟ್ಟಿದಾಗ, 62ರಿಂದ 72ರ ವಯಸ್ಸಿನವರಿಗೂ ವರ್ಷಕ್ಕೆ 20,000 ರೂಪಾಯಿ ಲೆಕ್ಕ ಹಿಡಿದಿದ್ದರು.

2024ರ ಕೊನೆಗೆ ಆದೇಶ ಬಂತು. ಆರು ಲಕ್ಷ ರೂಪಾಯಿ, ಮೇಲೆ ಬಡ್ಡಿ. ಆಸ್ಪತ್ರೆಯವರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋದರು. ಅದಕ್ಕೆ ಆದೇಶದ ಅರ್ಧ ಹಣವನ್ನು ಮೊದಲು ಠೇವಣಿ ಇಡಬೇಕಿತ್ತು, ಇಟ್ಟಿದ್ದಾರೆ. ಮೇಲ್ಮನವಿಯ ಮೊದಲ ಅಂಶವೂ ಅವ್ವನ ವಯಸ್ಸೇ. ಅದಕ್ಕೆ ಮೂರು ಪುಟಗಳ ಉತ್ತರ ಬರೆದು, ಬಿಲ್ಲಿನ ಆ ಪುಟವನ್ನು ಮತ್ತೆ ಲಗತ್ತಿಸಿದ್ದೇನೆ.