ಆನ್ ಆರ್ಬರ್‌ಗೆ ಹೊಸಬರಾ? ನವೆಂಬರ್‌ನ ಆ ಶನಿವಾರಕ್ಕೆ ತಯಾರಾಗಿ

ನಾವು ಮಿಶಿಗನ್‌ಗೆ ಬಂದ ಹೊಸದರಲ್ಲಿ ಒಂದು ಶನಿವಾರ ಬೆಳಗ್ಗೆ ತರಕಾರಿ ತರೋಣ ಅಂತ ಕಾರು ತೆಗೆದಿದ್ದೆ. ಒಂದು ಮೈಲಿ ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ರಸ್ತೆ ತುಂಬ ನೀಲಿ, ಹಳದಿ ಅಂಗಿಯ ಜನ, ಮನೆಗಳ ಮುಂದಿನ ಹುಲ್ಲಿನ ಮೇಲೆಲ್ಲ ಕಾರುಗಳು. ಅದಕ್ಕೇ ಮೊದಲು ಹೇಳುವುದು: ಆಗಸ್ಟ್‌ನಲ್ಲೇ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ (ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ) ವೇಳಾಪಟ್ಟಿ ನೋಡಿ, ಊರಲ್ಲೇ ನಡೆಯುವ ಪಂದ್ಯಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ಆ ದಿನ ಮನೆ ಬದಲಾಯಿಸುವುದು ಬೇಡ.

ಇದು ನಮ್ಮೂರ ಕಾಲೇಜು ಟೂರ್ನಮೆಂಟ್ ತರಹ ಅಲ್ಲ. ವಾರ್ಸಿಟಿ ಅಂದರೆ ವಿಶ್ವವಿದ್ಯಾಲಯದ ಹೆಸರಲ್ಲಿ ಆಡುವ ಅಧಿಕೃತ ತಂಡ. ಮಿಶಿಗನ್ ಸ್ಟೇಡಿಯಮ್ಮಿಗೆ ಎಲ್ಲರೂ ಕರೆಯುವುದು ಬಿಗ್ ಹೌಸ್ ಅಂತ. 1927ರಲ್ಲಿ ಶುರುವಾದ ಇಲ್ಲಿ ಈಗ 1,07,601 ಜನ ಕೂರಬಹುದು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಹೆಚ್ಚಿನ ಕಡೆ ಉದ್ದನೆಯ ಬೆಂಚು, ಮೊಣಕಾಲಿಗೆ ಮುಂದಿನವರ ಬೆನ್ನು ತಾಗುತ್ತದೆ. ಬ್ಯಾಗ್ ಮನೆಯಲ್ಲೇ ಬಿಟ್ಟು ಬನ್ನಿ.

ಆಟ ಅರ್ಥವಾಗದಿದ್ದರೂ ಅರ್ಧ ಗಂಟೆ ಮುಂಚೆ ಹೋಗಿ ಕೂರಿ. ಬ್ಯಾಂಡಿನ ಮುಂದಾಳು ಮೈದಾನದ ನಡುವೆ ಹಿಂದಕ್ಕೆ ಬಾಗುತ್ತಾ ಬಾಗುತ್ತಾ ತಲೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಆಮೇಲೆ ಸುರಂಗದಿಂದ ಆಟಗಾರರು ಓಡಿ ಬಂದು, ಎತ್ತಿ ಹಿಡಿದ ನೀಲಿ ಬ್ಯಾನರನ್ನು ಒಬ್ಬೊಬ್ಬರಾಗಿ ಹಾರಿ ಮುಟ್ಟುತ್ತಾರೆ. ಲಕ್ಷ ಜನ ಮುಷ್ಟಿ ಎತ್ತಿ ತಂಡದ ಹಾಡಿನ 'ಹೇಲ್' (ಜಯವಾಗಲಿ) ಅನ್ನುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಇನ್ನು ಅಸಲು ವಿಷಯ, ಪಕ್ಕದ ಒಹಾಯೊ ರಾಜ್ಯದ ವಿಶ್ವವಿದ್ಯಾಲಯ ಒಹಾಯೊ ಸ್ಟೇಟ್. ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರದ ಈ ಪಂದ್ಯಕ್ಕೆ ಇಲ್ಲಿನವರು ಸುಮ್ನೆ 'ದ ಗೇಮ್' ಅನ್ನುತ್ತಾರೆ. ಮಿಶಿಗನ್, ಒಹಾಯೊ 1835ರಲ್ಲೇ ಟೊಲೀಡೊ ಊರಿಗಾಗಿ ಜಗಳಕ್ಕೆ ನಿಂತಿದ್ದವು. ಎರಡು ತಂಡಗಳು ಮೈದಾನದಲ್ಲಿ ಮೊದಲು ಎದುರಾದದ್ದು 1897ರಲ್ಲಿ. ಆದರೆ ಹಿರಿಯರು ಮೊದಲು ನೆನೆಯುವುದು 1969ನ್ನು. ಒಹಾಯೊ ಸ್ಟೇಟ್ ಸತತ 22 ಪಂದ್ಯ ಗೆದ್ದು ಬಂದಿತ್ತು. ಅದರ ಕೋಚ್ ವುಡಿ ಹೇಯ್ಸ್. ಅವರ ಕೈಕೆಳಗೇ ಪಳಗಿದ ಬೋ ಶೆಂಬೆಕ್ಲರ್ ಆ ವರ್ಷವಷ್ಟೇ ಮಿಶಿಗನ್ ಕೋಚ್ ಆಗಿದ್ದರು. ಶಿಷ್ಯನ ತಂಡ 24-12ರಿಂದ ಗೆದ್ದುಬಿಟ್ಟಿತು! ಮುಂದಿನ ಹತ್ತು ವರ್ಷ ಇಬ್ಬರೂ ಹಾವು ಮುಂಗುಸಿ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜನಿಗೆ '1969' ಅಂತ ಹೇಳಿ ನೋಡಿ, ಮಾತು ನಿಲ್ಲುವುದೇ ಇಲ್ಲ. ನನಗೆ ಈ ಊರಲ್ಲಿ ಮೊದಲ ಸ್ನೇಹಿತರು ಸಿಕ್ಕಿದ್ದೇ ಹಾಗೆ.

ಈ ಪಂದ್ಯ ಬೆಸ ವರ್ಷಗಳಲ್ಲಿ ಇಲ್ಲಿ, ಸಮ ವರ್ಷಗಳಲ್ಲಿ ಒಹಾಯೊ ಸ್ಟೇಟ್ ಇರುವ ಕೊಲಂಬಸ್‌ನಲ್ಲಿ ನಡೆಯುತ್ತದೆ. ಆ ವಾರ ಕೆಂಪು ಸ್ವೆಟರ್ ಬೇಡ, ಅದು ಅವರ ಬಣ್ಣ. ಹಸಿರು ಇದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಮಿಶಿಗನ್ ಸ್ಟೇಟ್‌ನವರದು. ಈ ರಾಜ್ಯದಲ್ಲಿ ಒಂದೇ ಮನೆಯೊಳಗೆ ನೀಲಿ, ಹಸಿರು ಎರಡೂ ಬಣ್ಣ ಇರುವುದುಂಟು, ಆದ್ದರಿಂದ ಆಫೀಸಿನಲ್ಲಿ ಯಾವ ತಂಡ ಅಂತ ಮೊದಲು ಕೇಳಿ, ಆಮೇಲೆ ಮಾತಾಡಿ.

ಫುಟ್‌ಬಾಲ್ ಟಿಕೆಟ್ ದುಬಾರಿ, ಅದೂ ಒಹಾಯೊ ಪಂದ್ಯಕ್ಕಂತೂ ಜಾಸ್ತಿ. ಮಕ್ಕಳಿದ್ದರೆ ಮೊದಲು ಮಹಿಳಾ ಜಿಮ್ನಾಸ್ಟಿಕ್ಸ್‌ಗೆ ಕರೆದುಕೊಂಡು ಹೋಗಿ. ಆ ತಂಡ 2021ರಲ್ಲಿ ರಾಷ್ಟ್ರೀಯ ಚಾಂಪಿಯನ್. ಸಾಫ್ಟ್‌ಬಾಲ್ ತಂಡ 2005ರಲ್ಲಿ ಗೆದ್ದಾಗ, ಮಿಸಿಸಿಪ್ಪಿ ನದಿಯ ಪೂರ್ವದಿಂದ ಗೆದ್ದ ಮೊದಲ ತಂಡ ಅದೇ. ಇದನ್ನೆಲ್ಲ ಹೆಣ್ಣುಮಕ್ಕಳು ಹತ್ತಿರ ಕೂತು ನೋಡಬೇಕು ಅನ್ನುವುದು ನನ್ನ ಆಸೆ. ನನ್ನ ಮಗಳು ಬೀಮ್ ಮೇಲಿನ ಪಲ್ಟಿ ನೋಡಿ ಬಂದ ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸಿ ತಾನೂ ಪಲ್ಟಿ ಹೊಡೆಯಲು ಶುರು ಮಾಡಿದಳು.

ಚಳಿಗಾಲದಲ್ಲಿ ಯೋಸ್ಟ್ ಅರೀನಾದಲ್ಲಿ ಐಸ್ ಹಾಕಿ ಇದೆ. 1923ರ ಇಟ್ಟಿಗೆ ಕಟ್ಟಡ, ಸದ್ದು ಕಿವಿ ತುಂಬುತ್ತದೆ. ಒಳಗೂ ಚಳಿ ಇರುತ್ತದೆ, ಮಕ್ಕಳಿಗೆ ಟೋಪಿ ಇಟ್ಟುಕೊಂಡೇ ಹೋಗಿ.