ಉದ್ರಿ ಪುಸ್ತಕದ ಪಕ್ಕ ಕುಳಿತು ಕಲಿತದ್ದು

ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ನಮ್ಮ ಮನೆಯಲ್ಲಿ ಕುಳಿತು ಮೂರು ವರ್ಷ ಫೋನಿಗೆ ಉತ್ತರ ಕೊಡುವ ಕೆಲಸ ಮಾಡಿದೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುವ ಸಣ್ಣ ಕಂಪನಿ ಅದು. ಕನ್ನಡದ ಕರೆಗಳೆಲ್ಲ ನನ್ನ ಪಾಲಿಗೆ. ಬಿಲ್ ಮುದ್ರಣವಾಗುತ್ತಿಲ್ಲ, ಜಿಎಸ್‌ಟಿ ದರ ತಪ್ಪಾಗಿದೆ, ನಿನ್ನೆಯ ಲೆಕ್ಕ ಕಾಣಿಸುತ್ತಿಲ್ಲ. ಪರಿಹಾರ ಹೇಳಿ ಫೋನ್ ಇಟ್ಟರೆ ಮರುದಿನ ಅದೇ ದೂರು ಇನ್ನೊಂದು ಊರಿನಿಂದ. ಇದನ್ನು ಹೀಗೆಯೇ ಮಾಡಬೇಕೆಂದು ಯಾರು ತೀರ್ಮಾನಿಸಿದರು ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆಗ. ಹಾಗೆ ತೀರ್ಮಾನಿಸುವುದೇ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಎಂಬ ಉದ್ಯೋಗ, ಸಿದ್ಧವಾದದ್ದನ್ನು ಯಾರಿಗೆ ಯಾವ ಮಾತಿನಲ್ಲಿ ತಲುಪಿಸಬೇಕೆಂದು ನೋಡುವುದು ಪ್ರಾಡಕ್ಟ್ ಮಾರ್ಕೆಟಿಂಗ್ ಎಂದು ತಿಳಿಯುವಾಗ ನನಗೆ ಇಪ್ಪತ್ತಾರು ವರ್ಷ. ಓದಿದ್ದು ಬಿ.ಕಾಂ. ಬೆಂಗಳೂರಿಗೆ ಹೋಗಿ ಎಂಬಿಎ ಮಾಡುವ ಅನುಕೂಲ ಮನೆಯಲ್ಲಿ ಇರಲಿಲ್ಲ.

ಹಾಗಾಗಿ ಮನೆಯಲ್ಲೇ ಓದು ಶುರುಮಾಡಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ವಿಡಿಯೊ ಪಾಠಗಳು ಕೈಗೆ ಹತ್ತಲಿಲ್ಲ. ಪೇಟೆಗೆ ಹೋದಾಗ ಲೇಖನಗಳನ್ನು ಮೊಬೈಲಿಗೆ ಇಳಿಸಿಕೊಂಡು ಬಂದು, ವಾರಪೂರ್ತಿ ಅವನ್ನೇ ಓದಿ, ಪ್ರತಿಯೊಂದನ್ನೂ ನೋಟುಪುಸ್ತಕದಲ್ಲಿ ಒಂದು ಪುಟ ಕನ್ನಡಕ್ಕೆ ಇಳಿಸುತ್ತಿದ್ದೆ. ಇದರಿಂದ ಒಂದು ದೊಡ್ಡ ಉಪಕಾರವಾಯಿತು. ಇಂಗ್ಲಿಷಿನಲ್ಲಿ ಓದುವಾಗ ಅರ್ಥವಾದಂತೆ ತೋರಿದ ಎಷ್ಟೋ ಮಾತುಗಳು ಕನ್ನಡದಲ್ಲಿ ಬರೆಯಹೊರಟಾಗ ಕೈಕೊಟ್ಟವು. ‘ಪೊಸಿಷನಿಂಗ್’ ಎಂಬುದನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದ್ದೇನೆ. ಕೊನೆಗೆ ಉಳಿದದ್ದು ಇಷ್ಟು: ಗಿರಾಕಿ ಇದನ್ನು ಮನಸ್ಸಿನಲ್ಲಿ ಯಾವುದರ ಪಕ್ಕ ಇಟ್ಟು ಹೋಲಿಸುತ್ತಾನೆ? ಅಮ್ಮ ಮಾಡುವ ಮುರುಗಲು ಪಾನಕವನ್ನು ತಂಪು ಪಾನೀಯದ ಬಾಟಲಿಗಳ ಸಾಲಿನಲ್ಲಿಟ್ಟರೆ ಅದು ದುಬಾರಿಯಾಗಿ ಕಾಣುತ್ತದೆ. ಪಿತ್ತಕ್ಕೆ ಒಳ್ಳೆಯದೆಂದು ಮನೆಗೆ ಒಯ್ಯುವ ವಸ್ತುಗಳ ಸಾಲಿನಲ್ಲಿಟ್ಟರೆ ಅದೇ ಬೆಲೆ ಯಾರಿಗೂ ಹೆಚ್ಚೆನಿಸುವುದಿಲ್ಲ.

ಓದಿದ್ದರಲ್ಲಿ ಮನಸ್ಸಿನಲ್ಲಿ ನೆಟ್ಟು ನಿಂತದ್ದು ಹಳೆಯ ಸಂಗತಿಯೊಂದು. 1931ರ ಮೇ ತಿಂಗಳಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಮೂರು ಪುಟದ ಟಿಪ್ಪಣಿಯೊಂದನ್ನು ಬರೆದರು. ಅವರು ನೋಡಿಕೊಳ್ಳುತ್ತಿದ್ದದ್ದು ಕ್ಯಾಮೇ ಸಾಬೂನಿನ ಜಾಹೀರಾತು. ಅದೇ ಕಂಪನಿಯ ಐವರಿ ಸಾಬೂನಿನ ನೆರಳಿನಲ್ಲಿ ಕ್ಯಾಮೇ ಸೊರಗಿತ್ತು. ಒಂದೊಂದು ಬ್ರ್ಯಾಂಡಿಗೂ ಪೂರ್ತಿ ಹೊಣೆ ಹೊರುವ ಒಬ್ಬನಿರಬೇಕು, ಮಾರಾಟ ಕುಗ್ಗಿದ ಕಡೆಗೆ ಅವನೇ ಹೋಗಿ ವ್ಯಾಪಾರಿಗಳನ್ನೂ ಬಳಸುವವರನ್ನೂ ಕಂಡು ಕಾರಣ ಹುಡುಕಬೇಕು ಎಂಬುದು ಅವರ ವಾದ. ಇಂದಿನ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಮೂಲವನ್ನು ಆ ಟಿಪ್ಪಣಿಯಲ್ಲಿ ಗುರುತಿಸುತ್ತಾರೆ. ಅದನ್ನು ಓದಿದ ಮರುದಿನ ನಾನು ಬಸ್ಸು ಹತ್ತಿದೆ.

ಆದರೆ ಅಂಗಡಿಗಳಲ್ಲಿ ಮೊದಲು ಕೇಳಿದ್ದು ತಪ್ಪು ಪ್ರಶ್ನೆ. ‘ಬಾಕಿ ಇರುವ ಗಿರಾಕಿಗೆ ತಾನಾಗಿಯೇ ಮೆಸೇಜ್ ಹೋಗುವ ಸೌಲಭ್ಯ ನಿಮಗೆ ಉಪಯೋಗವೇ?’ ಎಂದೆ. ಒಂಬತ್ತು ಅಂಗಡಿಗಳಲ್ಲಿ ಒಂಬತ್ತೂ ಮಂದಿ ‘ಉಪಯೋಗವೇ’ ಎಂದರು. ಮನೆಬಾಗಿಲಿಗೆ ಬಂದವರಿಗೆ ಇಲ್ಲವೆನ್ನುವ ರೂಢಿ ನಮ್ಮ ಕಡೆ ಇಲ್ಲ. ಆ ಸೌಲಭ್ಯ ಸಾಫ್ಟ್‌ವೇರಿನಲ್ಲಿ ಆಗಲೇ ಇತ್ತು, ಒಂಬತ್ತರಲ್ಲಿ ಒಬ್ಬರೂ ಬಳಸುತ್ತಿರಲಿಲ್ಲ.

ಮುಂದಿನ ವಾರ ಏನನ್ನೂ ಕೇಳದೆ, ಶಿರಸಿಯ ಬಿಡಕಿಬೈಲಿನ ಹತ್ತಿರದ ಕಿರಾಣಿ ಅಂಗಡಿಯೊಂದರಲ್ಲಿ ಸಂಜೆ ನಾಲ್ಕರಿಂದ ಎಂಟರವರೆಗೆ ಸುಮ್ಮನೆ ಕುಳಿತೆ. ಗಲ್ಲಾಪೆಟ್ಟಿಗೆಯ ಪಕ್ಕ ಕಂಪ್ಯೂಟರ್, ಅದರ ಕೀಲಿಮಣೆಯ ಮೇಲೆ ತೆರೆದಿಟ್ಟ ಉದ್ರಿ ಪುಸ್ತಕ. ನಗದು ಕೊಟ್ಟವರಿಗೆ ಬಿಲ್ ಮಾಡಲು ಪುಸ್ತಕವನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು. ಉದ್ರಿಯವರು ಬಂದರೆ ಮತ್ತೆ ಕೀಲಿಮಣೆಯ ಮೇಲಿಟ್ಟು ಬರೆಯುತ್ತಿದ್ದರು. ಒಂದು ಸಂಜೆಯಲ್ಲಿ ಹೀಗೆ ಹದಿನೇಳು ಸಲ. ಎಲ್ಲ ಮುಗಿದ ಮೇಲೆ, ‘ಕಳೆದ ಸಲ ದೊಡ್ಡ ಬಾಕಿ ವಸೂಲಾದದ್ದು ಯಾವಾಗ? ಹೇಗೆ?’ ಎಂದು ಕೇಳಿದೆ. ಯಜಮಾನರು ಪುಟ ತಿರುವಿ ಒಂದು ಹೆಸರಿನ ಮೇಲೆ ಬೆರಳಿಟ್ಟರು.

‘ಇವರದ್ದು ನೋಡು ತಂಗಿ. ಜೂನಿನಿಂದ ಬರೆದದ್ದು, ಮಾರ್ಚಿಯಲ್ಲಿ ಒಂದೇ ಸಲಕ್ಕೆ ಚುಕ್ತಾ. ಅಡಿಕೆ ವಖಾರಿಗೆ ಬಿದ್ದ ಮೇಲೆ ತಾವಾಗಿಯೇ ಬಂದು ಕೊಟ್ಟರು. ನಿಮ್ಮ ಕಂಪ್ಯೂಟರ್ ಮೂವತ್ತನೇ ದಿನಕ್ಕೆ ಇವರಿಗೆ ಮೆಸೇಜ್ ಕಳಿಸಿದರೆ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆಯೇ?’

ನಾನು ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವಳು. ನಮ್ಮ ಮನೆಯ ಹೆಸರೂ ಇಂಥ ಪುಸ್ತಕವೊಂದರಲ್ಲಿ ವರ್ಷಗಟ್ಟಲೆ ಇತ್ತು. ಅಡಿಕೆಯ ಕೊನೆ ಕೊಯ್ದು, ಒಣಗಿಸಿ, ಸುಲಿದು ಚಾಲಿ (ಸಿಪ್ಪೆ ತೆಗೆದ ಒಣ ಅಡಿಕೆ) ಮಾಡುವ ತನಕ ಕೈಯಲ್ಲಿ ದುಡ್ಡು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮೂರು ವರ್ಷ ಫೋನಿನಲ್ಲಿ ‘ಮೂವತ್ತು ದಿನಗಳ ಬಾಕಿ ವರದಿ’ ಎಂದು ಹೇಳುವಾಗ ಅದು ಹೊಳೆದಿರಲಿಲ್ಲ. ಅಂದು ರಾತ್ರಿ ಕೊನೆಯ ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಬಾಕಿಯ ಗಡುವನ್ನು ಮೂವತ್ತು ದಿನಕ್ಕಲ್ಲ, ಸುಗ್ಗಿಗೆ ಇಡುವ ಸೌಲಭ್ಯ ಬೇಕೆಂದು ಎರಡು ಪುಟದ ಟಿಪ್ಪಣಿ ಬರೆದು ಕಂಪನಿಯ ಮುಖ್ಯಸ್ಥರಿಗೆ ಕಳುಹಿಸಿದೆ. ಅವರ ಒಲವು ಬಾಯಿಮಾತಿನಲ್ಲಿ ಹೇಳಿದರೆ ಕಂಪ್ಯೂಟರೇ ಬಿಲ್ ಮಾಡುವ ಹೊಸ ಸೌಲಭ್ಯದ ಮೇಲಿತ್ತು. ಯಾವ ಕೆಲಸ ಮೊದಲು ಮಾಡಬೇಕೆಂದು ತೂಗಿ ನೋಡಲು ಇಂಟರ್‌ಕಾಮ್ ಎಂಬ ಸಾಫ್ಟ್‌ವೇರ್ ಕಂಪನಿಯವರು ರೂಪಿಸಿದ ‘ರೈಸ್’ ಎಂಬ ಲೆಕ್ಕ ಆಗ ನೆರವಾಯಿತು. ಎಷ್ಟು ಜನರಿಗೆ ತಲುಪುತ್ತದೆ, ಎಷ್ಟು ಪರಿಣಾಮ, ನಮಗೆಷ್ಟು ಖಾತ್ರಿ ಈ ಮೂರನ್ನು ಗುಣಿಸಿ, ಬೇಕಾಗುವ ಶ್ರಮದಿಂದ ಭಾಗಿಸುವುದು. ಇದರಲ್ಲಿ ಖಾತ್ರಿಯ ಅಂಕಣವೇ ಜೀವಾಳ ಎಂದು ನನ್ನ ಅನಿಸಿಕೆ. ಬಾಯಿಮಾತಿನ ಬಿಲ್ಲಿಗೆ ನಮ್ಮ ಬಳಿ ಒಂದೇ ಒಂದು ಸಾಕ್ಷಿ ಇರಲಿಲ್ಲ. ಉದ್ರಿಗೆ ನನ್ನ ಕರೆಗಳ ನೋಟುಪುಸ್ತಕವಿತ್ತು, ಹದಿನೇಳು ಸಲ ಎತ್ತಿಟ್ಟ ಪುಸ್ತಕವಿತ್ತು. ಆರು ಅಂಗಡಿಗಳಲ್ಲಿ ಪ್ರಯೋಗ ಮಾಡಲು ಒಪ್ಪಿಗೆ ಸಿಕ್ಕಿತು.

ಅದಕ್ಕೆ ನಾನಿಟ್ಟ ಹೆಸರು ‘ಸುಗ್ಗಿ ಬಾಕಿ’. ಪ್ರಕಟಣೆಗೆ ಮೊದಲು ಬರೆದ ಸಾಲು ‘ಉದ್ರಿ ನಿರ್ವಹಣೆಗೆ ಸಮಗ್ರ ಪರಿಹಾರ’. ಅದನ್ನು ಯಜಮಾನರಿಗೆ ಓದಿ ತೋರಿಸಿದರೆ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ‘ಸುಗ್ಗಿಗೆ ಕೊಡುವವರಿಗೆ ತಿಂಗಳಿಗೊಮ್ಮೆ ಮೆಸೇಜ್ ಹೋಗುವುದಿಲ್ಲ’ ಎಂದು ಅವರದೇ ಮಾತನ್ನು ತಿರುಗಿಸಿ ಓದಿದಾಗ, ‘ಇದು ಯಾವಾಗ ಬರುತ್ತದೆ?’ ಎಂದರು. ಅಂದಿನಿಂದ ಜಾಹೀರಾತಿನ ಸಾಲನ್ನು ನಾನು ಮೇಜಿನ ಮುಂದೆ ಕುಳಿತು ಹೊಸೆಯುವುದಿಲ್ಲ, ನೋಟುಪುಸ್ತಕದಿಂದ ಎತ್ತಿಕೊಳ್ಳುತ್ತೇನೆ.

ಆರರಲ್ಲಿ ಒಂದು ಅಂಗಡಿ ಕಾರವಾರದ ಮೀನುಗಾರಿಕೆ ಬಂದರಾದ ಬೈತಖೋಲದ ಕಡೆಯದು. ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಅಲ್ಲಿಗೆ ಹೋದೆ. ‘ಇಲ್ಲಿ ಯಾವ ಸುಗ್ಗಿ?’ ಎಂದು ಆ ಅಂಗಡಿಯವರು ಕೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಅಂಗಡಿ ನಡೆಯುವುದೇ ಉದ್ರಿಯ ಮೇಲೆ. ಆಗಸ್ಟಿನಲ್ಲಿ ಬೋಟುಗಳು ಹೋಗಿ ಬಂದ ಮೇಲೆ ವಸೂಲಿ. ಶಿರಸಿಯ ಬಾಕಿ ಮುಗಿಯುವ ಕಾಲ ಒಂದು, ಕಾರವಾರದ್ದು ಇನ್ನೊಂದು. ಅಡಿಕೆಯ ಲೆಕ್ಕದಲ್ಲಿ ನಾವು ಮೊದಲೇ ತುಂಬಿಟ್ಟಿದ್ದ ತಿಂಗಳುಗಳನ್ನೆಲ್ಲ ತೆಗೆದುಹಾಕಿ, ಗಿರಾಕಿಗಳ ಗುಂಪು ಮಾಡಿ ಗಡುವನ್ನೂ ಹೆಸರನ್ನೂ ಅಂಗಡಿಯವರೇ ಬರೆದುಕೊಳ್ಳುವಂತೆ ಮಾಡಿದೆವು. ಅಲ್ಲಿಯವರು ‘ಬೋಟ್ ಬಾಕಿ’ ಎಂದು ಬರೆದುಕೊಂಡರು.

ಮೊದಲ ವಾರ ಆರೂ ಅಂಗಡಿಯವರು ಬಳಸಿದರು. ಅದಕ್ಕೆ ಬೆಲೆಯಿಲ್ಲ, ಹೊಸದನ್ನು ಎಲ್ಲರೂ ಮುಟ್ಟಿ ನೋಡುತ್ತಾರೆ. ನಾನು ಕಾದದ್ದು ಎಂಟನೇ ವಾರಕ್ಕೆ. ನಾಲ್ವರು ಬಳಸುತ್ತಲೇ ಇದ್ದರು. ಬಿಟ್ಟ ಇಬ್ಬರಲ್ಲಿ ಒಬ್ಬರ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮಗ ಹುಬ್ಬಳ್ಳಿಗೆ ಓದಲು ಹೋಗಿದ್ದ. ಇನ್ನೊಬ್ಬರು ಹಳೆಯ ಬಾಕಿಯನ್ನೆಲ್ಲ ಪುಸ್ತಕದಿಂದ ಎತ್ತಿ ತುಂಬಲು ಬೇಸರಪಟ್ಟರು. ಅದು ನಮ್ಮದೇ ತಪ್ಪು. ಹಳೆಯ ಮೊತ್ತವನ್ನು ಒಂದೇ ಅಂಕಿಯಲ್ಲಿ ಬರೆಯುವ ಅನುಕೂಲ ಕೊಟ್ಟ ಮೇಲೆ ಅವರು ಮರಳಿ ಬಂದರು.

ಈಗ ಫೋನಿನ ಕೆಲಸ ಬಿಟ್ಟು ಅದೇ ಕಂಪನಿಯಲ್ಲಿ ಪ್ರಾಡಕ್ಟ್ ವಿಭಾಗದಲ್ಲಿದ್ದೇನೆ, ಮನೆಯಿಂದಲೇ. ಸದ್ಯ ಓದುತ್ತಿರುವುದು ಬೆಲೆ ನಿಗದಿಯ ಬಗ್ಗೆ. ನಮ್ಮ ಸಾಫ್ಟ್‌ವೇರಿನ ಶುಲ್ಕ ತಿಂಗಳಿಗೊಮ್ಮೆ ಕಟ್ಟಬೇಕು. ಮಳೆಗಾಲದಲ್ಲಿ ಅದನ್ನು ನಿಲ್ಲಿಸುವ ಅಂಗಡಿಗಳು ಯಾವುವು ಎಂದು ಪಟ್ಟಿ ಮಾಡಿದೆ. ಅವುಗಳಲ್ಲಿ ಹೆಚ್ಚಿನವು ಅತಿ ಹೆಚ್ಚು ಉದ್ರಿ ಕೊಡುವ ಅಂಗಡಿಗಳೇ. ವರ್ಷದ ಶುಲ್ಕವನ್ನು ಮಾರ್ಚಿಯಲ್ಲಿ ಒಂದೇ ಸಲಕ್ಕೆ ಕಟ್ಟುವ ಅವಕಾಶ ಕೊಟ್ಟರೆ ಹೇಗೆ ಎಂದು ಇನ್ನೊಂದು ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಖಾತ್ರಿಯ ಅಂಕಣ ಇನ್ನೂ ಖಾಲಿ ಇದೆ. ಬರುವ ಬುಧವಾರ ಬಿಡಕಿಬೈಲಿಗೆ ಹೋಗಬೇಕು.